ಬಿಸಿಲಾಗದವಳ ಬಿಳಿ ಮುಲಾಮು

ಅಂಗಳದಲ್ಲಿ ಒಣಗಲು ಹರವಿದ ಭತ್ತವನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಟ್ಟಿದ್ದನ್ನು ಕೇಳಿದ್ದೀರಾ? ನಾನು ಪಟ್ಟಿದ್ದೇನೆ. ಹಗ್ಗದ ಮೇಲೆ ಹಾಕಿದ ನನ್ನದೇ ಸೀರೆಯ ಮೇಲೆ ಪಟ್ಟಿದ್ದೇನೆ, ಗೋಡೆಗೆ ತಟ್ಟಿದ ಬೆರಣಿಯ ಮೇಲೂ ಪಟ್ಟಿದ್ದೇನೆ. ಅವಕ್ಕೆಲ್ಲ ಬೇಕಾದಷ್ಟು ಬಿಸಿಲು, ನನಗೆ ಮಾತ್ರ ಹೊಸ್ತಿಲ ಈಚೆಗೆ ಕೂರುವ ಶಿಕ್ಷೆ. ಎಪ್ಪತ್ತರ ದಶಕದಲ್ಲಿ, ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ, ಇಪ್ಪತ್ತಾರು ವರ್ಷದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಬಿಸಿಲಿಗೆ ಹೆದರಿ ಮನೆಯೊಳಗೆ ಕೂತಿದ್ದಳು. ಆ ಹೆಂಗಸು ನಾನೇ, ಗೌರಮ್ಮ. ಈಗಲೂ ನನಗೆ ಬಿಸಿಲು ಆಗುವುದಿಲ್ಲ, ಆದರೆ ಹೊರಗೆ ಓಡಾಡುತ್ತೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗಿದ್ದರೆ ನನ್ನ ಮುಖದ ಕತೆಯ ಜತೆಗೆ ನನ್ನ ಕೆಟ್ಟ ಬುದ್ಧಿಯ ಕತೆಯನ್ನೂ ಕೇಳಬೇಕು. ಎರಡೂ ಒಟ್ಟಿಗೇ ಬಂದವು.

ಮೊದಲು ಬಂದಿದ್ದು ನಾಟಿ ಕಾಲದಲ್ಲಿ. ಬೆಳಗಿನಿಂದ ಬಗ್ಗಿ ಪೈರು ನೆಟ್ಟು ಮಧ್ಯಾಹ್ನ ಬದುವಿನ ಮೇಲೆ ಕೂತಾಗ ಮುಖವೆಲ್ಲ ಕಿತ್ತು ಬರುವ ಹಾಗೆ ತುರಿಕೆ. ಸಂಜೆಗೆ ಕೆನ್ನೆ, ಕತ್ತು, ಮುಂಗೈ ಎಲ್ಲ ಕೆಂಪಗೆ ದದ್ದೆದ್ದವು. ಅತ್ತೆ ನೋಡಿದವರೇ, "ಅಮ್ಮ ಆಗವ್ಳೆ ಕಣಮ್ಮಿ, ಯಾರೂ ಒಳೀಕ್ ಬರಬ್ಯಾಡಿ" ಅಂತ ಸಿಡುಬೇ ಅಂದುಕೊಂಡು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಂದು ವಾರ ಒಳಗೆ ಮಲಗಿದೆ, ಹೋಯಿತು. ಅತ್ತೆ ಅಮ್ಮನಿಗೆ ತಂಪು ಮಾಡಿ ಎಲ್ಲರಿಗೂ ಮೊಸರನ್ನ ಹಂಚಿದರು. ಗದ್ದೆಗೆ ಹೋದ ಮಾರನೇ ದಿನ ಮತ್ತೆ ಬಂತು. ಮೂರನೇ ಸಲ ಬಂದಾಗ ಅತ್ತೆಯೇ, "ಅಮ್ಮ ಇಷ್ಟು ಸಲ ಬರಾಕಿಲ್ಲ. ಮಂಡ್ಯಕ್ ಕರ್ಕಂಡೋಗ್ಲಾ" ಅಂದರು ಮಗನಿಗೆ.

ಮಂಡ್ಯದ ಆಸ್ಪತ್ರೆಗೆ ಚರ್ಮದ ಡಾಕ್ಟರು ವಾರಕ್ಕೊಂದು ದಿನ ಬರುತ್ತಿದ್ದರು. ಬೆಳಗ್ಗೆ ಏಳಕ್ಕೆ ಹೋಗಿ ಚೀಟಿ ಬರೆಸಿ ಕೂತರೆ ಹನ್ನೆರಡಾದರೂ ಸರದಿ ಬಾರದು. ಬೆಂಚು ನೆರಳಲ್ಲಿತ್ತು, ಹೊತ್ತೇರಿದ ಹಾಗೆ ಬಿಸಿಲು ಒಂದೊಂದೇ ಬೆಂಚನ್ನು ಹಿಡಿಯುತ್ತ ಬಂತು. ನಾನು ಸರಿಯುತ್ತ ಸರಿಯುತ್ತ ಗೋಡೆಗೆ ಅಂಟಿಕೊಂಡೆ. ಪಕ್ಕದಲ್ಲಿ ಹೊಳಲಿನ ಒಬ್ಬ ಅಜ್ಜಿ ಕಾಲಿನ ಹುಣ್ಣು ತೋರಿಸಲು ಬಂದಿದ್ದಳು. ನನ್ನ ಮುಖ ನೋಡಿ ಏನೂ ಕೇಳದೆ ಎದ್ದು, ಬಿಸಿಲು ಬೀಳುವ ಕಡೆಗೆ ತಾನು ಕೂತು, ತನ್ನ ನೆರಳಲ್ಲಿ ನನ್ನನ್ನು ಕೂರಿಸಿಕೊಂಡಳು. ಅವಳ ಹೆಸರು ಕೇಳಲಿಲ್ಲ. ಆ ಅಜ್ಜಿಗೆ ಒಳ್ಳೆಯದಾಗಲಿ.

ಡಾಕ್ಟರು ನನ್ನ ಮುಖ ನೋಡಿದ್ದು ಸ್ವಲ್ಪ ಹೊತ್ತು. ಕಿವಿಯ ಹಿಂದೆ, ಗದ್ದದ ಕೆಳಗೆ ನೋಡಿದರು, ಆಮೇಲೆ ಬಳೆ ಮೇಲಕ್ಕೆ ಸರಿಸು ಅಂದರು. ಬಳೆಯ ಕೆಳಗೆ ದದ್ದೇ ಇರಲಿಲ್ಲ. ತಾಳಿ ಸರದ ಕೆಳಗೂ ಒಂದು ಗೆರೆಯಷ್ಟು ಚರ್ಮ ಚೊಕ್ಕವಾಗಿತ್ತು. "ನೋಡಮ್ಮ, ಬಿಸಿಲು ಬೀಳದ ಕಡೆ ಏನೂ ಇಲ್ಲ. ನಿನಗೆ ಬಿಸಿಲು ಆಗೋದಿಲ್ಲ" ಅಂದರು.

"ಬಿಸ್ಲು ಆಗಲ್ಲ ಅಂದ್ರೆ ಎಂಗೆ ಸಾರ್? ನಾವು ಗದ್ದೆ ಕೆಲ್ಸದೋರು."

"ಕೆಲವರಿಗೆ ಬದನೆಕಾಯಿ ಆಗಲ್ಲ ನೋಡು, ಹಾಗೇ."

ಬದನೆಕಾಯಿ ತಿನ್ನದಿದ್ದರೆ ಯಾರೇನು ಅಂದಾರು? ಮನಸ್ಸಿನಲ್ಲೇ ಬೈದುಕೊಂಡೆ. ರಕ್ತ ತೆಗೆದುಕೊಂಡರು. ಒಳಗೆ ದೊಡ್ಡ ಕಾಯಿಲೆ ಇದ್ದರೂ ಹೀಗಾಗುತ್ತದಂತೆ, ಅದನ್ನು ನೋಡಬೇಕಂತೆ. ಹದಿನೈದು ದಿನ ಕಾದೆವು. ಆ ಹದಿನೈದು ದಿನ ನಮ್ಮ ಯಜಮಾನರು ನನ್ನ ಜತೆ ಜಗಳ ಆಡಲಿಲ್ಲ, ಅದರಲ್ಲೇ ನನಗೆ ಅರ್ಧ ಜೀವ ಹೋಯಿತು. ದೊಡ್ಡ ಕಾಯಿಲೆ ಇಲ್ಲ ಅಂತ ಗೊತ್ತಾದ ದಿನ ಬಸ್‌ಸ್ಟ್ಯಾಂಡಿನಲ್ಲೇ, ಕೊಡೆ ಸರಿಯಾಗಿ ಹಿಡಿದುಕೊಳ್ಳಲಿಲ್ಲ ಅಂತ ಬೈದರು. ಸಮಾಧಾನವಾಯಿತು.

ಆಸ್ಪತ್ರೆಯ ಕಾಂಪೌಂಡರು ಕಲ್ಲಿನ ಮೇಲೆ ಬಿಳಿ ಪುಡಿ ಸುರಿದು, ಮೇಣದಂಥದ್ದು ಬೆರೆಸಿ, ಅರೆದು ಅರೆದು ಒಂದು ಡಬ್ಬಿ ಮುಲಾಮು ಕೊಟ್ಟರು. ಜಿಂಕ್ ಅಂತೆ. "ನಿಮ್ಮೂರಲ್ಲಿ ನಾಟಕ ಆಡೋರು ಮುಖಕ್ಕೆ ಸಫೇದ ಬಳೀತಾರಲ್ಲ, ಹೆಚ್ಚುಕಮ್ಮಿ ಅದೇ. ದಪ್ಪಗೆ ಹಚ್ಚಬೇಕು, ಚರ್ಮ ಕಾಣಬಾರದು" ಅಂದರು. ಹಚ್ಚಿಕೊಂಡು ಕೊಪ್ಪದಲ್ಲಿ ಬಸ್ಸಿಳಿದೆ ನೋಡಿ, ಟೀ ಅಂಗಡಿ ಮುಂದೆ ಕೂತವನೊಬ್ಬ, "ಏನಕ್ಕೋ, ಯಾವ ಪಾತ್ರ?" ಅಂದ. ಮನೆಗೆ ಬಂದು ಮುಖ ತೊಳೆದುಕೊಂಡು ಡಬ್ಬಿಯನ್ನು ಅಟ್ಟದ ಮೇಲೆ ಎಸೆದೆ. ಒಳಗೆ ಕೂತುಬಿಟ್ಟೆ.

ಒಳಗೆ ಕೂತ ಮೇಲೆ ನನ್ನ ಹೊರಗಿನ ಕೆಲಸವೆಲ್ಲ ರತ್ನನ ಪಾಲಿಗೆ ಹೋಯಿತು. ರತ್ನ ನನ್ನ ಮೈದುನನ ಹೆಂಡತಿ, ಮಳವಳ್ಳಿಯ ಹುಡುಗಿ. ಮದುವೆಯಾಗಿ ಮೂರು ವರ್ಷ, ಇನ್ನೂ ಮಕ್ಕಳಿರಲಿಲ್ಲ. ಗದ್ದೆಗೆ ಬುತ್ತಿ ಒಯ್ಯುವುದು, ಹಸು ಹೊಡೆದುಕೊಂಡು ಹೋಗುವುದು, ಆಲೆಮನೆಯ ಕಡೆ ಹೋಗಿ ಬರುವುದು ಎಲ್ಲ ಅವಳೇ. ಅದನ್ನೆಲ್ಲ ಮಾಡಿಕೊಳ್ಳಲಿ, ನನಗೇನು? ಆದರೆ ಹೋಗುವಾಗ ನನ್ನ ಮಗಳು ಮಂಜಿಯನ್ನು ಸೊಂಟಕ್ಕೆ ಹಾಕಿಕೊಂಡು ಹೋಗುತ್ತಿದ್ದಳು. ಮೂರು ವರ್ಷದ ಕೂಸು ಕತ್ತಲೆ ಮನೆಯಲ್ಲಿ ನನ್ನ ಜತೆ ಎಷ್ಟು ಹೊತ್ತು ಕೂತೀತು? "ಚಿಕ್ಕವ್ವ ಚಿಕ್ಕವ್ವ" ಅಂತ ಅವಳ ಸೆರಗು ಹಿಡಿದೇ ಇರುತ್ತಿತ್ತು.

ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ತಲೆಯ ಮೇಲೆ ಮಂಕರಿ, ಸೊಂಟದಲ್ಲಿ ನನ್ನ ಮಗಳು, ಇಬ್ಬರಿಗೂ ನಗು. ಅವಳ ಕೈ ಬಿಸಿಲಿಗೆ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಆ ಕರಿ ಕೈಗಳ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಯಾವ ಚಿನ್ನದ ಬಳೆಯ ಮೇಲೂ ಬಂದಿಲ್ಲ. ಸಂಜೆ ಮಂಜಿ ಬಂದರೆ ತಲೆಯಲ್ಲಿ ಬಿಸಿಲಿನ ವಾಸನೆ, ಬಾಯಲ್ಲಿ ಗದ್ದೆಯ ಸುದ್ದಿ. ಕೊಕ್ಕರೆ ನೋಡಿದ್ದು, ಕಬ್ಬು ಸಿಗಿದು ತಿಂದದ್ದು. ನನ್ನ ಹತ್ತಿರ ಏನಿತ್ತು ಹೇಳಲು? ಬೇಳೆ ಆರಿಸಿದ್ದು. ಒಂದು ದಿನ ಮಗು ಎಡವಿ ಬಿದ್ದಾಗ "ಅವ್ವಾ" ಅನ್ನದೆ "ಚಿಕ್ಕವ್ವಾ" ಅಂತ ಅತ್ತಿತು. ಅವತ್ತು ನಾನು ಊಟ ಮಾಡಲಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಮಲಗಿದೆ.

ಅದರ ಮೇಲೆ ಊರಿನವರ ಹೊಗಳಿಕೆ ಬೇರೆ. "ಗೌರಿ ನೆಳ್ಳಲ್ಲಿದ್ದು ಎಂಗೆ ಬೆಳ್ಳಗಾಗವ್ಳೆ ನೋಡು" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಸುಸ್ತಾಗಿ ಬಂದ ರತ್ನ ಕಂಬಕ್ಕೆ ಒರಗಿ, "ನಿಮ್ಗೇನಕ್ಕ, ನೆಳ್ಳಲ್ಲಿ ತಣ್ಣಗಿದ್ದೀರ" ಅಂದಳು. ಅವಳು ಬರೀ ಸುಸ್ತಿಗೆ ಅಂದದ್ದು. ನಾನು ಅದನ್ನು ಬಾಯಲ್ಲಿ ಇಟ್ಟುಕೊಂಡ ಕಲ್ಲಿನ ಹಾಗೆ ದಿನಾ ಕಡಿಯುತ್ತಿದ್ದೆ.

ಹಾಗಂದವಳೇ ನನಗೆ ಬಾಟಲಿ ತರಿಸಿಕೊಟ್ಟಳು. ಅವಳ ಅಣ್ಣ ಬೊಂಬಾಯಿಯಲ್ಲಿ ಕೆಲಸಕ್ಕಿದ್ದ. ನನಗೆ ಹೇಳದೆ ಅವನಿಗೆ ಕಾಗದ ಬರೆದಿದ್ದಾಳೆ. ಹೊರದೇಶದ ಮಾಲು, ಬೆರಳುದ್ದದ ಬಾಟಲಿ, ನೀರಿನ ಹಾಗೆ ತೆಳ್ಳಗಿನ ಔಷಧಿ, ಘಮಘಮ ವಾಸನೆ. "ಹಚ್ಕಂಡ್ರೆ ಬಿಸ್ಲು ತಗಲಲ್ವಂತೆ ಅಕ್ಕ. ಬೆಳ್ಳಗೂ ಕಾಣಲ್ವಂತೆ" ಅಂದಳು. ಸುತ್ತ ಸಣ್ಣ ಅಕ್ಷರದಲ್ಲಿ ಏನೇನೋ ಇಂಗ್ಲಿಷ್. ನಾನು ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ. ಯಾರಿಗೂ ಓದಿಸಲಿಲ್ಲ. ಒಂದು ಚೂರು ಹಚ್ಚಿ ನೋಡೋಣ ಅಂತಲೂ ಅನ್ನಿಸಲಿಲ್ಲ. ಮಾರನೇ ಬೆಳಗ್ಗೆಯೇ ಮುಖಕ್ಕೂ ಕೈಗೂ ಸುರಿದುಕೊಂಡು, ಮಂಜಿಯನ್ನು ರತ್ನನ ಸೊಂಟದಿಂದ ಕಿತ್ತು ನನ್ನ ಸೊಂಟಕ್ಕೆ ಹಾಕಿಕೊಂಡು ಗದ್ದೆಗೆ ಹೊರಟೆ.

ಎರಡು ದಿನ ನನ್ನಂಥ ರಾಣಿ ಇನ್ನೊಬ್ಬಳಿರಲಿಲ್ಲ. ಬೇಕೆಂದೇ ನಡುಮಧ್ಯಾಹ್ನ ಟೀ ಅಂಗಡಿ ಮುಂದೆ ಹಾದುಹೋದೆ. ಮೂರನೇ ದಿನ ಸಣ್ಣಗೆ ತುರಿಕೆ ಶುರುವಾಯಿತು. ಬಿಸಿಲು ಜೋರಾಗಿದೆ, ಔಷಧಿ ಸಾಲುತ್ತಿಲ್ಲ ಅಂದುಕೊಂಡು ಇನ್ನಷ್ಟು ಹಚ್ಚಿದೆ. ನಾಲ್ಕನೇ ದಿನ ಇನ್ನೂ ಇನ್ನಷ್ಟು. ಐದನೇ ಬೆಳಗ್ಗೆ ಎದ್ದರೆ ಕಣ್ಣು ತೆರೆಯಲು ಆಗಲಿಲ್ಲ. ಮುಖ ಊದಿ, ನೀರು ಸೋರಿ, ಮಂಜಿ ನನ್ನನ್ನು ನೋಡಿ ಕಿರುಚಿಕೊಂಡು ಓಡಿತು. ಎಲ್ಲಿಗೆ ಓಡಿತು ಅಂತ ಬೇರೆ ಹೇಳಬೇಕೇ? ಅವಳ ಹತ್ತಿರಕ್ಕೇ.

ಪಕ್ಕದ ಮನೆಯ ಕೆಂಪಮ್ಮ ನೋಡಲು ಬಂದಳು. ಗಟ್ಟಿಯಾಗಿ ಅಯ್ಯೋ ಅಂದು, ಆಮೇಲೆ ಕಿವಿಯ ಹತ್ತಿರ ಬಾಯಿ ತಂದು, "ಇದು ಕಾಯ್ಲೆ ಅಲ್ಲ ಕಣಮ್ಮಿ, ಮದ್ದು. ಮಕ್ಕಳಿಲ್ದೋಳು, ನಿನ್ ಕೂಸಿನ ಮ್ಯಾಲೆ ಕಣ್ಣು. ಬಾಟ್ಲಿ ಕೊಟ್ಟೋಳು ಯಾರು ಯೋಚ್ನೆ ಮಾಡು" ಅಂದಳು.

ನಮ್ಮ ಕಡೆ ಮದ್ದಿಕ್ಕುವುದು ಅಂದರೆ ಗೊತ್ತಲ್ಲ. ಆಗದವರು ಊಟದಲ್ಲೋ ನೀರಲ್ಲೋ ಏನೋ ಬೆರೆಸಿ ಕೊಡುತ್ತಾರೆ, ತಿಂದವರು ದಿನದಿನಕ್ಕೆ ಸೊರಗುತ್ತಾರೆ ಅನ್ನುವ ನಂಬಿಕೆ. ಮದ್ದಿಕ್ಕುವವಳು ಅಂತ ಒಂದು ಸಲ ಹೆಸರು ಬಂದರೆ ಮುಗಿಯಿತು, ಅವಳ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ನಾನು ಅದನ್ನು ಅಷ್ಟಾಗಿ ನಂಬಿದವಳಲ್ಲ. ಅವತ್ತು ನಂಬಿದೆ. ನಿಜ ಹೇಳಲಾ? ನಂಬಲು ಆಸೆಯಾಯಿತು. ಅವಳು ಕೆಟ್ಟವಳಾದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಕಾರಣ ಸಿಕ್ಕ ಹಾಗಾಗುತ್ತಿತ್ತು.

ಮದ್ದು ಕಕ್ಕಿಸುವವನೊಬ್ಬನ ಹತ್ತಿರ ಕೆಂಪಮ್ಮನೇ ಕರೆದುಕೊಂಡು ಹೋದಳು. ಹಸಿರು ಸೊಪ್ಪಿನ ರಸ ಕುಡಿಸಿದ. ಕರುಳು ಬಾಯಿಗೆ ಬರುವಷ್ಟು ಕಕ್ಕಿದೆ. ಅದರಲ್ಲಿ ಕಡ್ಡಿ ಆಡಿಸಿ, ಕೂದಲು ಸುತ್ತಿದ ಉಂಡೆಯೊಂದನ್ನು ಎತ್ತಿ ತೋರಿಸಿ, "ನೋಡವ್ವ, ಒಟ್ಟೇಲಿ ಕೂತಿತ್ತು" ಅಂದ. ಮುಖಕ್ಕೆ ಹಚ್ಚಿದ್ದು ಹೊಟ್ಟೆಗೆ ಹೇಗೆ ಹೋಯಿತು ಅಂತ ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಮನೆಗೆ ಬಂದು ಪಡಸಾಲೆಯಲ್ಲಿ ನಿಂತೆ. ಅತ್ತೆ, ಯಜಮಾನರು, ಮೈದುನ, ಬಾಗಿಲಲ್ಲಿ ಕೆಂಪಮ್ಮ ಎಲ್ಲ ಇದ್ದರು. "ನನ್ ಮಗೂನ ಕಿತ್ಕಳಾಕೆ ನಂಗೆ ಮದ್ದಿಕ್ಬುಟ್ಟಳು ಇವ್ಳು" ಅಂದೆ.

ರತ್ನ ಹಿಟ್ಟು ತೊಳಸುತ್ತಿದ್ದವಳು ಎದ್ದು ಬಂದಳು. ಗೂಡಿನಲ್ಲಿದ್ದ ಬಾಟಲಿ ತೆಗೆದು, ಉಳಿದದ್ದನ್ನೆಲ್ಲ ಅಂಗೈಗೆ ಬಗ್ಗಿಸಿಕೊಂಡು, ನಮ್ಮೆಲ್ಲರ ಎದುರಿಗೆ ಮುಖಕ್ಕೆ, ಕತ್ತಿಗೆ, ಎರಡೂ ಕೈಗೆ ತಿಕ್ಕಿ ತಿಕ್ಕಿ ಹಚ್ಚಿಕೊಂಡಳು. ಹೋಗಿ ಅಂಗಳದ ಬಿಸಿಲಲ್ಲಿ ಕೂತಳು. ಸಂಜೆಯವರೆಗೂ ಕೂತಳು. ಅವಳಿಗೆ ಒಂದು ಗುಳ್ಳೆಯೂ ಏಳಲಿಲ್ಲ. "ನೋಡಿದ್ಯಾ?" ಅಂದರು ಯಜಮಾನರು. "ನನ್ ಹೆಸ್ರಿಗೆ ಮಾಡ್ಸಿದ್ದು, ಅವ್ಳಿಗೆ ಎಂಗೆ ಹತ್ತಾತು?" ಅಂದೆ ನಾನು. ನನ್ನ ನಾಲಿಗೆ ಅಷ್ಟು ಕೆಟ್ಟಿತ್ತು.

ಮಾರನೇ ಬೆಳಗ್ಗೆ ರತ್ನ ಒಂದು ಚೀಲ ಹಿಡಿದುಕೊಂಡು ತವರಿಗೆ ಅಂತ ಬಸ್ಸು ಹತ್ತಿದಳು. ಮಂಜಿ ಹಿಂದೆ ಓಡಿತು. ರತ್ನ ತಿರುಗಿ ನೋಡಲಿಲ್ಲ.

ಯಜಮಾನರು ಖಾಲಿ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ನನ್ನನ್ನು ಮಂಡ್ಯಕ್ಕೆ ಎಳೆದುಕೊಂಡು ಹೋದರು. ಡಾಕ್ಟರು ಕನ್ನಡಕ ಹಣೆಗೇರಿಸಿ, ಬಾಟಲಿಯನ್ನು ಮೂಗಿನ ಹತ್ತಿರ ತಂದು ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಓದಿ ನನ್ನ ಕಡೆ ತಿರುಗಿ, "ಯಾವತ್ತಾದ್ರೂ ಇಂಜೆಕ್ಷನ್ನಿಗೋ ಮಾತ್ರೆಗೋ ಮುಖ ಊದಿತ್ತಾ?" ಅಂದರು.

ಊದಿತ್ತು. ಮಂಜಿ ಹುಟ್ಟುವ ಮುಂಚೆ ಮದ್ದೂರಿನಲ್ಲಿ ಹಲ್ಲು ಕೀಳಿಸಿದಾಗ, ಮರಗಟ್ಟಲು ಇಂಜೆಕ್ಷನ್ ಕೊಟ್ಟ ಮೇಲೆ ಮುಖ ಕುಂಬಳಕಾಯಿ ಆಗಿತ್ತು. ಹಲ್ಲಿನ ಕೀವು ಅಂದುಕೊಂಡು ಸುಮ್ಮನಾಗಿದ್ದೆವು.

"ಇದರಲ್ಲಿರೋದು ಆ ಇಂಜೆಕ್ಷನ್ನಿನ ದಾಯಾದಿ ಕಣಮ್ಮ" ಅಂದರು ಡಾಕ್ಟರು. "ಔಷಧಿ ಕೆಟ್ಟದ್ದಲ್ಲ. ಬೇರೆಯವರಿಗೆ ಬಿಸಿಲು ತಡೆಯುತ್ತೆ. ನಿನ್ನ ಮೈಗೆ ಮಾತ್ರ ಅದರ ವಂಶವೇ ಆಗಲ್ಲ. ತುರಿಕೆ ಬಂದ ದಿನವೇ ಬಿಟ್ಟಿದ್ದರೆ ಇಷ್ಟಾಗ್ತಿರಲಿಲ್ಲ. ಕೊಟ್ಟವರದೇನೂ ತಪ್ಪಿಲ್ಲ."

ಕೊಟ್ಟವರು ಯಾರು, ಅವರಿಗೆ ನಾನು ಏನಂದೆ ಅನ್ನುವುದು ಡಾಕ್ಟರಿಗೆ ಗೊತ್ತಿರಲಿಲ್ಲ. ಯಜಮಾನರು ನೆಲ ನೋಡುತ್ತಿದ್ದರು. ನನಗೆ ಆ ಕುರ್ಚಿಯಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾಂಪೌಂಡರು ಮತ್ತೆ ಮುಲಾಮು ಅರೆದುಕೊಟ್ಟರು. ಈ ಸಲ ನಾನು ಕೂತು ಕೇಳಿಸಿಕೊಂಡೆ. ಅವರು ಹೇಳಿದ್ದು ನನಗೆ ಇವತ್ತಿಗೂ ದಾರಿ. ಹೊಳಪು, ವಾಸನೆ, ಬಾಟಲಿಯ ಅಂದ ನೋಡಿ ತಗೋಬೇಡ, ಒಳಗೆ ಏನು ಹಾಕಿದ್ದಾರೆ ಅಂತ ಯಾರಿಂದಾದರೂ ಓದಿಸು. ಈ ಬಿಳಿ ಜಿಂಕು ಚರ್ಮದ ಮೇಲೆ ಗೋಡೆಯ ಹಾಗೆ ನಿಲ್ಲುತ್ತದೆ, ನಿನ್ನಂಥವರಿಗೆ ಅದೇ ವಾಸಿ. ಯಾವ ಹೊಸದಾದರೂ ಮೊದಲು ಮೊಣಕೈ ಒಳಮಡಿಕೆಗೆ ಚೂರು ಹಚ್ಚಿ ಮೂರು ದಿನ ಕಾಯಿ. ಆಮೇಲೆ ನನಗೆ ಆಗದ ಆ ಉದ್ದದ ಹೆಸರನ್ನು ಕನ್ನಡದಲ್ಲಿ ಚೀಟಿಗೆ ಬರೆದುಕೊಟ್ಟರು: ಪ್ಯಾರಾ ಅಮಿನೋ ಬೆಂಜೋಯಿಕ್ ಆಸಿಡ್. ದೇವರ ನಾಮದ ಹಾಗೆ ಬಾಯಿಪಾಠ ಮಾಡಿದೆ. ಬಹಳ ಬಿಳಿ ಕಾಣುತ್ತದೆ ಸಾರ್ ಅಂದಾಗ, ಒಂದು ಚಿಟಿಕೆ ಕೆಂಬಣ್ಣದ ಕ್ಯಾಲಮೈನ್ ಪುಡಿ ಬೆರೆಸಿದರು. ಬಿಳಿ ಹೋಗಿ ತಿಳಿಗುಲಾಬಿ ಬಂತು. ಅದೇನು ದೊಡ್ಡ ಉಪಕಾರವಾಗಲಿಲ್ಲ, ಆದರೂ ಅವರ ಮನಸ್ಸು ದೊಡ್ಡದು.

ಊತ ಇಳಿದು ಚರ್ಮ ಒಣಗಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ಮಂಜಿ ಸಂಜೆ ಬಾಗಿಲಲ್ಲಿ ಕೂತು ಬಸ್ಸಿನ ಶಬ್ದ ಕೇಳುತ್ತಿತ್ತು. ಮುಖ ವಾಸಿಯಾದ ಮೊದಲ ಸೋಮವಾರ ಮುಲಾಮನ್ನು ದಪ್ಪಗೆ ಬಳಿದುಕೊಂಡು, ಮಗಳನ್ನು ಎತ್ತಿಕೊಂಡು, ಯಜಮಾನರ ಜತೆ ಮದ್ದೂರಿಗೆ ಹೋಗಿ ಅಲ್ಲಿಂದ ಮಳವಳ್ಳಿ ಬಸ್ಸು ಹತ್ತಿದೆ. ಬಸ್ಸಿನವರೆಲ್ಲ ನೋಡಿದರು. ಒಬ್ಬಳು ತನ್ನ ಮಗುವಿನ ಕಣ್ಣು ಮುಚ್ಚಿದಳು. ನೋಡಲಿ ಅಂದುಕೊಂಡೆ. ನಾನು ಮಾಡಿದ್ದಕ್ಕೆ ಇದು ಕಮ್ಮಿಯೇ.

ರತ್ನನ ತಾಯಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಾ ಅನ್ನಲಿಲ್ಲ. ಒಂದು ಚೊಂಬು ನೀರು ತಂದು ನನ್ನ ಮುಂದೆ ಹಿಡಿದು, "ಮದ್ದಿಕ್ಕೋರ ಅಟ್ಟಿಗೆ ಬಂದಿದ್ದೀಯಲ್ಲವ್ವ. ಕುಡೀತೀಯಾ?" ಅಂದರು.

ಗಟಗಟ ಕುಡಿದೆ. ಮುಲಾಮು ಚೊಂಬಿಗೆ ಅಂಟಿತು. ಊಟಕ್ಕೆ ಬಡಿಸಿ ಅಂತ ನಾನೇ ಕೇಳಿ ಕೂತೆ. ಬಡಿಸಿದ್ದನ್ನೆಲ್ಲ ಉಂಡೆ. ಅಡುಗೆಮನೆ ಬಾಗಿಲ ಹಿಂದೆ ನಿಂತು ರತ್ನ ನೋಡುತ್ತಿದ್ದಳು. ಕೈ ತೊಳೆದು ಅವಳ ಹತ್ತಿರ ಹೋಗಿ, "ನಂದು ತಪ್ಪು ಕಣೆ ರತ್ನ. ಔಷ್ದಿ ನನ್ ಮೈಗೆ ಆಗ್ನಿಲ್ಲ, ಅಷ್ಟೆ. ನಂಗೆ ನಿನ್ ಮ್ಯಾಲೆ ಹೊಟ್ಟೆಕಿಚ್ಚಿತ್ತು" ಅಂದೆ.

"ಗೊತ್ತಿತ್ತು ಬುಡಕ್ಕ" ಅಂದಳು. "ಬತ್ತೀನಿ. ಅದು ನನ್ ಗಂಡನ ಮನೆ. ನಿಮ್ ಮಗೂನ ಮಾತ್ರ ಇನ್ನು ನಾನು ಮುಟ್ಟಾಕಿಲ್ಲ" ಅಂದಳು.

ಮುಟ್ಟಲೂ ಇಲ್ಲ. ಬರುವಾಗ ಬಸ್ಸಿನಲ್ಲಿ ಮಂಜಿ ಎರಡೂ ಕೈ ಚಾಚಿ ಅವಳ ಕಡೆ ಬಗ್ಗಿದರೆ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಯ ಆಚೆ ನೋಡಿದಳು. ಮನೆಯಲ್ಲೂ ಅಷ್ಟೇ. ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ನನಗೂ ಮಗುವಿಗೂ ಮಾತ್ರ ಬಡಿಸುತ್ತಿರಲಿಲ್ಲ, ಪಾತ್ರೆ ಇಟ್ಟು ಸರಿದುಬಿಡುತ್ತಿದ್ದಳು. ನಾನು ಮುಖಕ್ಕೆ ಮೆತ್ತಿಕೊಂಡು, ತಲೆಗೆ ವಸ್ತ್ರ ಕಟ್ಟಿಕೊಂಡು ಗದ್ದೆಗೆ ಬುತ್ತಿ ಒಯ್ಯತೊಡಗಿದೆ, ಮಂಜಿ ನನ್ನ ಸೊಂಟದಲ್ಲಿ. ಊರಿನವರು ನಾಲ್ಕು ದಿನ ನಕ್ಕು ಸುಮ್ಮನಾದರು. ನಾನು ಬೇಡಿಕೊಂಡದ್ದೆಲ್ಲ ಕೈಗೆ ಬಂದಿತ್ತು. ಬಿಸಿಲೂ ಬಂತು, ಮಗಳೂ ಬಂದಳು. ಆದರೆ ಮಗಳು ಹೊಸ್ತಿಲು ದಾಟುವ ತನಕ ಹಿಂದಕ್ಕೆ ತಿರುಗಿ ಚಿಕ್ಕವ್ವನನ್ನೇ ನೋಡುತ್ತಿದ್ದಳು, ಮತ್ತು ಊಟ ಬಿಟ್ಟಿದ್ದಳು. ನನ್ನ ಕೈಯಲ್ಲಿ ಎರಡು ತುತ್ತು, ಅಷ್ಟೇ. ಕತ್ತಿನ ಎಲುಬು ಕಾಣತೊಡಗಿತು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಕೆಂಪಮ್ಮ ಒನಕೆ ಕೇಳಿಕೊಂಡು ಬಂದು ಪಡಸಾಲೆಯಲ್ಲೇ ಕೂತಿದ್ದಳು. ನಾನು ತಟ್ಟೆಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಬಂದು ರತ್ನನ ಮುಂದೆ ಇಟ್ಟೆ. ಮಂಜಿಯನ್ನು ಅವಳ ತೊಡೆಯ ಹತ್ತಿರ ಕೂರಿಸಿದೆ.

"ನೀನೇ ಉಣ್ಸು" ಅಂದೆ.

ಕೆಂಪಮ್ಮ ಕತ್ತು ಚಾಚಿ ನೋಡಿದಳು. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ರತ್ನ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ನಾಳೆ ಮಗೀಗೆ ಜ್ವರ ಗಿರ ಬಂದ್ರೆ?" ಅಂದಳು.

"ಬಂದ್ರೆ ಡಾಕ್ಟ್ರತ್ರ ಓಗಾನ. ಇಬ್ರೂ ಓಗಾನ."

ರತ್ನ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಊದಿ ಆರಿಸಿ, ಮಗುವಿನ ಬಾಯಿಗೆ ಇಟ್ಟಳು. ಮಂಜಿ ನುಂಗಿ ಮತ್ತೆ ಬಾಯಿ ತೆರೆಯಿತು. ಮತ್ತೆ ತೆರೆಯಿತು. ನನ್ನ ಕೈಯಲ್ಲಿ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದ ಕೂಸು ಅವಳ ಕೈಯಲ್ಲಿ ಇಡೀ ಮುದ್ದೆ ತಿಂದು, ಅವಳ ಬೆರಳನ್ನೂ ನೆಕ್ಕಿತು. ನನ್ನ ಹೊಟ್ಟೆ ಎಂದೂ ಉರಿಯದಷ್ಟು ಉರಿಯಿತು. ಎದ್ದು ಒಳಗೆ ಹೋಗಿ, ಇನ್ನೊಂದು ಅರ್ಧ ಮುದ್ದೆ ತಂದು ಅವಳ ತಟ್ಟೆಗೆ ಹಾಕಿದೆ.